ಒಂದು ತಲಿ ಹೆಚ್ಚು

ಬಹರೈನಿನ ಬಂದರಕ್ಕ ಬೆಳಿಗ್ಗೆ ಏಳಕ್ಕ
ಹನ್ನೆರಡು ಅಂತಸ್ತಿನ ಹಡಗ ಬಂದು ನಿಂತದ.
ನನ್ನ ಬಸ್ಸಿನ ನಂಬರ್ ನಾಕು.
ಇಳದವರ ಎದಿ ಮ್ಯಾಲೂ ನಾಕು, ಹಸರು ಚೀಟಿ,
ಸಂತ್ಯಾಗ ಕುರಿಗೆ ಹಚ್ಚೋ ಬಣ್ಣದಂಗ.
ಗೈಡಮ್ಮ ಬುದೂರ್ ಬೆರಳ ತೋರಸದ
ಗದ್ದ ಅಲ್ಲಾಡಿಸಿ ಎಣಿಸ್ತಾಳ:
ಮೂವತ್ತೆಂಟು.

ಐದು ವರ್ಷಾತು. ಈ ಕೋಟಿ ಬಾಗಲ ತನಕ
ಎಷ್ಟು ಮಂದೀನ ತಂದು ಬಿಟ್ಟೀನೋ.
ಒಳಗ ಏನದ ಅಂತ ಯಾರರ ಕೇಳಿದ್ರ
ಪಾರ್ಕಿಂಗ್ ಛಲೋ ಅದ ಅಂತಿದ್ದೆ.
ಎಸಿ ನಿಂತ್ರ ವಾಪಸ್ ಬಂದವರು ಬೈತಾರ,
ಅದಕ್ಕ ಇಂಜಿನ್ ಸಂಗಾಟ ನಾನೂ
ಗುರ್ ಅಂತ ಕೂಡಾಂವ.

ಇವತ್ತ ಗಾಲಿಕುರ್ಚಿ ದೂಡೋ ಹುಡುಗ ಬಂದಿಲ್ಲ.
ಕುರ್ಚ್ಯಾಗ ಹಾಲ್ವರ್ಡ್ ಅನ್ನೋ ಮುದುಕ,
ಬಿಸಲಿಗೆ ಗಜ್ಜರಿ ಆದ ಮೂಗು.
"ದಸ್ತಗೀರ್, ಪ್ಲೀಸ್" ಅಂದ್ಲು ಬುದೂರ್.
ಇಂಜಿನ್ ಆರಿಸಿದೆ.

ಬೀದರದಾಂವ ನಾ. ಕೋಟಿ ಅಂದ್ರ ನನಗೇನು ಹೊಸಾದ?
ಕಂದಕದಾಗ ಈಸು ಕಲತೀನಿ,
ತೋಪಿನ ಮ್ಯಾಲ ಕುಂತು ಸೀತಾಫಲ ತಿಂದು
ಬೀಜ ಅದರ ಬಾಯಾಗ ಉಗಳೀನಿ.
ಇದು ಬ್ಯಾರೆ. ಇಲ್ಲಿ ಕೋಟಿ ಮ್ಯಾಲದ,
ಅರಮನಿ ಕೆಳಗದ, ಅದರ ಕೆಳಗ ಒಂದು ಊರು,
ಆ ಊರಿನ ಕೆಳಗ ಮತ್ತೊಂದು,
ನಮ್ಮ ಕ್ಯಾಂಪಿನ ಖೋಲ್ಯಾಗ ಮಂಚದ ಮ್ಯಾಲ ಮಂಚ ಇದ್ದಂಗ,
ಒಬ್ಬನ ನಿದ್ದಿ ಮ್ಯಾಲ ಒಬ್ಬನ ನಿದ್ದಿ.

ಹಲಗಿ ದಾರ್ಯಾಗ ಗಾಲಿ ಕಟಕಟ ಅಂದವು.
"ಇದು ಅರಮನಿ ಪಾಯಖಾನಿ" ಅಂದ್ಲು ಬುದೂರ್.
ಮೊಬೈಲೆಲ್ಲ ಒಮ್ಮೆಲೆ ಎದ್ದು ನಿಂತವು.
ಯಾವ ರಾಜಾ ಅಂತ ಯಾರೂ ಕೇಳಲಿಲ್ಲ.
ಯಾರು ತೊಳೀತಿದ್ರು ಅಂತ ನಾನೂ ಕೇಳಲಿಲ್ಲ,
ತುಟಿ ತನಕ ಬಂದಿತ್ತು.

ಮ್ಯೂಸಿಯಮ್ಮಿನಾಗ ತಂಪು, ಅರೆ ಕತ್ತಲಿ.
ಗಾಜಿನ ಹಿಂದ ಮಣ್ಣಿನ ಬಟ್ಟಲು,
ಬಟ್ಟಲದಾಗ ಸುರುಳಿ ಸುತ್ತಿದ ಹಾವು. ಹಾವಲ್ಲ, ಎಲುಬು,
ಬಾಚಣಿಕಿ ಹಲ್ಲಿನಷ್ಟು ಸಣ್ಣ.
ಅರಮನಿ ನೆಲದ ಕೆಳಗ ಹೂಳತಿದ್ರಂತ,
ಸಂಗಾಟ ಒಂದು ನೀಲಿ ಮಣಿ. ಒಂದರಾಗ ಮುತ್ತು.
"ಯಾಕ?" ಅಂತ ಕೇಳಿದ್ಲು ಟೋಪಿ ಹೆಂಗಸು.
"ಖರೇ ಅಂದ್ರ ಗೊತ್ತಿಲ್ಲ" ಅಂದ್ಲು ಬುದೂರ್.
ಅಲ್ಲಿಂದ ಅಕಿ ಹೇಳಿದ್ದೆಲ್ಲಾ ನಂಬಿದೆ ನಾ.

ನಮ್ಮ ಓಣ್ಯಾಗ ಒಬ್ಬ ಹಾವಾಡಿಗ ಬರತಿದ್ದ,
ಹಾವಿನ ಹೆಡ್ಯಾಗ ಮಣಿ ಅದ ಅಂತಿದ್ದ,
ನಾಕಾಣೆ ಇಸಕೊಂಡು ಬುಟ್ಟಿ ಮುಚ್ಚತಿದ್ದ.
ಆ ನಾಕಾಣೆ ಇವತ್ತ ವಸೂಲಾತು.

ಮುಂದಿನ ಗಾಜಿಗೆ ಮುದುಕ ಭೂತಗನ್ನಡಿ ಹಿಡದು
ಕಣ್ಣ ತುಂಬ ನೋಡಿ, ನನ್ನ ಕೈಗೆ ಕೊಟ್ಟ.
ಒಂದು ಮುದ್ರಿ. ನನ್ನ ಯೂನಿಫಾರ್ಮಿನ
ಕಿತ್ತು ಹೋದ ಗುಂಡಿಯಷ್ಟೇ ಅದ.
ಅದರಾಗ ಇಬ್ಬರು ಎದರಬದರ ಕುಂತಾರ,
ನಡುವ ಒಂದು ಗಡಗಿ, ಗಡಗ್ಯಾಗ ಎರಡು ಕೊಳವಿ,
ಹೀರಲಿಕ್ಕೆ ಹತ್ಯಾರ, ನಾಕು ಸಾವಿರ ವರ್ಷದಿಂದ.
ನಾನೂ ಈರಪ್ಪನೂ ಶುಕ್ರವಾರ ಹಿಂಗs,
ಒಂದು ಪೆಪ್ಸಿ, ಎರಡು ಸ್ಟ್ರಾ,
ಕಡೀಕ ಅಂವ ಒಂದು ಗುಟುಕು ಹೆಚ್ಚು ಎಳೀತಾನ.
ನಕ್ಕುಬಿಟ್ಟೆ, ಜೋರಾಗಿ.
ಕಾವಲಿನವ ತಿರುಗಿ ನೋಡಿದ.
ಮುದುಕನೂ ನಕ್ಕ. ಯಾಕಂತ ಅವಗೇನು ಗೊತ್ತು.

ಹೊರಗ ಬಂದ್ರ ಉರಿ ಬಿಸಲು, ಸಮುದ್ರ ಚಪ್ಪಟಿ,
ಖಜೂರದ ಗಿಡಾ ಅಲ್ಲಾಡವಲ್ಲವು.
ಬಸ್ಸಿನ ಮುಂದ ಸಾಲು. ಬುದೂರಳ ಗದ್ದ ಮ್ಯಾಲ, ಕೆಳಗ.
ಮೂವತ್ತೊಂಬತ್ತು.
ಕಾಗದ ನೋಡಿದ್ಲು, ಮುಖ ಬಾಡಿತು.
ಕಮ್ಮಿ ಆದ್ರ ಹುಡುಕಬಹುದು,
ಹೆಚ್ಚಾದ್ರ ಯಾರನ್ನ ಕೇಳೋದು?
ಕುರ್ಚಿ ಹಿಂದ ನಾ ನಿಂತಿದ್ದೆ,
ಟಿಕೆಟ್ ತಗದವರಂಗ, ಎದಿ ಸೆಟದು.
ಎಲ್ಲಿ ತಪ್ಪ್ಯಾಳ ಅಂತ ನನಗ ತಿಳದಿತ್ತು.
ಹೇಳಲಿಲ್ಲ.
ಇನ್ನೊಮ್ಮೆ ಎಣಿಸ್ಲಿ ಅಂತ ಬಿಟ್ಟೆ.
ಗದ್ದ ನನ್ನ ತನಕ ಬಂತು, ನನ್ನ ಮ್ಯಾಲ ನಿಂತು
ಮೂವತ್ತೊಂಬತ್ತು ಅಂತು.

ಆಮ್ಯಾಲ ಹೋಗಿ ನನ್ನ ಸೀಟಿಗೆ ಕುಂತೆ,
ಚಾವಿ ತಿರುವಿದೆ.
"ಹಾಂ, ಮೂವತ್ತೆಂಟು" ಅಂದ್ಲು ಅಕಿ, ಉಸರು ಬಿಟ್ಟು.
ಲೆಕ್ಕ ಬರೊಬ್ಬರಿ ಆತು.